ಕ್ರಿಸ್‌ಮಸ್ ರಜೆಗೆ ಹಾಸನ, ಚಿಕ್ಕಮಗಳೂರು ಕಡೆ ಕಾರಲ್ಲಿ ಹೊರಟಿದ್ದೇವೆ. ನಾವು ಕ್ರೈಸ್ತರಲ್ಲ. ಈ ಹಬ್ಬದಲ್ಲಿ ನಮಗೆ ಏನಿದೆ?

ಕೇಕು, ರಜೆ ಬಿಟ್ಟು ಬೇರೇನಾದರೂ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಾನು ಹಾಸನದ ಕ್ರೈಸ್ತ ಮನೆಯವಳು. ನನ್ನ ಪಾಲಿಗೆ ಈ ಹಬ್ಬದ ತಿರುಳೆಲ್ಲ ಬೈಬಲ್ಲಿನ ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ. ಜನಗಣತಿಯಲ್ಲಿ ಹೆಸರು ಬರೆಸಲು ಜೋಸೆಫ ಬಸುರಿ ಮರಿಯಳ ಜೊತೆ ನಜರೇತಿನಿಂದ ಬೆತ್ಲೆಹೇಮಿಗೆ ಬಂದ. ಛತ್ರದಲ್ಲಿ ಜಾಗ ಸಿಗಲಿಲ್ಲ. ಹುಟ್ಟಿದ ಕೂಸು ಯೇಸುವನ್ನು ಬಟ್ಟೆಯಲ್ಲಿ ಸುತ್ತಿ, ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದರು. ಊರು ಬಿಟ್ಟು ಬಂದವರ ಕಥೆ ಇದು. ದಾರಿಯಲ್ಲಿರುವವರಿಗೆ ಬೇಗ ಅರ್ಥವಾಗುತ್ತದೆ.

ಹಾಸನದಿಂದ ಗೊರೂರು ಕಡೆ ಹೋದರೆ ಶೆಟ್ಟಿಹಳ್ಳಿ ಚರ್ಚ್ ಇದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಏರಿತು, ಊರಿನವರು ಮನೆ ಹೊಲ ಬಿಟ್ಟು ಹೋಗಬೇಕಾಯಿತು, ಚರ್ಚು ಹಿನ್ನೀರಿನಲ್ಲಿ ಪಾಳುಬಿತ್ತು. ಫೋಟೋ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಚಾವಣಿ ಇಲ್ಲದ ಆ ಕಮಾನುಗಳನ್ನು ನೋಡುವಾಗ, ಒಂದು ಕಾಲದಲ್ಲಿ ಅಲ್ಲಿ ಹಬ್ಬದ ಹಾಡು ಹಾಡುತ್ತಿದ್ದವರನ್ನೂ ನೆನೆಸಿಕೊಳ್ಳಿ. ನೀರು ಜಾಸ್ತಿ ಇದ್ದರೆ ದಡದಲ್ಲೇ ನಿಲ್ಲಿ. ಹಳೇ ಗೋಡೆ, ಹತ್ತಲೇಬೇಡಿ.

ಚಿಕ್ಕಮಗಳೂರಿನ ತೋಟಗಳಲ್ಲಿ ಆಗ ಅರೇಬಿಕಾ ಕಾಫಿಯ ಕುಯ್ಲು. ಸಂಜೆಯಾದರೆ ಕಣದಲ್ಲಿ ಹರವಿದ ಕಾಫಿಯನ್ನು ರಾಶಿ ಮಾಡಿ, ಇಬ್ಬನಿ ತಾಗದ ಹಾಗೆ ಟಾರ್ಪಾಲು ಹೊದಿಸುತ್ತಾರೆ. ಕಾವಲಿಗೆ ಒಬ್ಬರು ಇರುತ್ತಾರೆ. ತಲೆಗೆ ಮಫ್ಲರ್, ಕೈಲಿ ಟಾರ್ಚು, ಮುಂದೆ ಒಂದಿಷ್ಟು ಬೆಂಕಿ. ಯೇಸು ಹುಟ್ಟಿದ ಸುದ್ದಿ ದೇವದೂತರಿಂದ ಮೊದಲು ಮುಟ್ಟಿದ್ದು ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ಕಣ ಕಾಯುವವರನ್ನು ನೋಡಿದಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ. ಊರೆಲ್ಲ ಮಲಗಿದಾಗ ಕೆಲಸದ ಮೇಲೆ ಎದ್ದಿದ್ದವರು ಅಲ್ವಾ!

24ರ ರಾತ್ರಿ ಚರ್ಚಿನ ಬಲಿಪೂಜೆಗೂ (ಮಾಸ್) ಬನ್ನಿ. ಯಾರೂ ಧರ್ಮ ಕೇಳುವುದಿಲ್ಲ. ಪರಮಪ್ರಸಾದಕ್ಕೆ, ಅಂದರೆ ಪಾದ್ರಿ ಕೊಡುವ ಪವಿತ್ರ ರೊಟ್ಟಿಗೆ, ಸಾಲು ನಿಂತಾಗ ಮಾತ್ರ ಸುಮ್ನೆ ಕೂತಿರಿ, ಅದು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದ ಕ್ಯಾಥೊಲಿಕರಿಗೆ. ಮುಗಿದ ಮೇಲೆ ಮಕ್ಕಳಿಗೆ ಚರ್ಚಿನಲ್ಲಿ ಗೊಂಬೆ ಇಟ್ಟು ಮಾಡಿದ ಗೋದಲಿ ತೋರಿಸಿ. ಪೂಜೆಯ ಹೊತ್ತು ಒಂದೊಂದು ಚರ್ಚಿನಲ್ಲಿ ಒಂದೊಂದು, ಹಗಲೇ ವಿಚಾರಿಸಿಕೊಳ್ಳಿ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಡ್ರೈವರ್ ಕರೆದುಕೊಂಡು ಬರುತ್ತಿದ್ದರೆ ಅವರಿಗೂ ಮಲಗಲು ಜಾಗ ಗೊತ್ತು ಮಾಡಿ. ಆ ಚಳಿಯಲ್ಲಿ ಎಷ್ಟೋ ಡ್ರೈವರ್‌ಗಳು ಕಾರಿನ ಸೀಟಿನಲ್ಲೇ ರಾತ್ರಿ ಕಳೆಯುತ್ತಾರೆ. ಹೋಂಸ್ಟೇ ಬುಕ್ ಮಾಡುವಾಗಲೇ ಕೇಳಿ. ರಜೆಯಲ್ಲಿ ರೂಮು ಬೇಗ ತುಂಬುತ್ತವೆ, ಹೋದ ಮೇಲೆ ಕೇಳಿದರೆ ಸಿಗುವುದು ಕಷ್ಟ.