ಮೊದಲು ಆ ಗೇಟ್ ಡ್ಯೂಟಿ ಬಿಡಿ

ಈ ವಾರಕ್ಕೆ ಬೇರೆ ಪತ್ರಕ್ಕೆ ಉತ್ತರ ಬರೆದಿಟ್ಟಿದ್ದೆ. ಅಷ್ಟರಲ್ಲಿ ಒಬ್ಬ ಸ್ಕೂಲ್ ಕೌನ್ಸೆಲರ್ ಬರೆದದ್ದು ಕೈಗೆ ಬಂತು. ಓದುತ್ತಾ ಓದುತ್ತಾ ಸಿಟ್ಟು ಬಂತು. ಆ ಇನ್ನೊಂದು ಪತ್ರ ಮುಂದಿನ ವಾರ ನೋಡೋಣ, ಗಂಡ ಹೆಂಡತಿ ಜಗಳ, ಒಂದು ವಾರದಲ್ಲಿ ಎಲ್ಲೂ ಓಡಿಹೋಗುವುದಿಲ್ಲ.

ಈ ಮೇಡಂ ಕಥೆ ಇಷ್ಟು. ದೊಡ್ಡ ಶಾಲೆ, ಸಾವಿರಕ್ಕೂ ಜಾಸ್ತಿ ಮಕ್ಕಳು, ಕೌನ್ಸೆಲರ್ ಇವರೊಬ್ಬರೇ. ಮೊದಲೆಲ್ಲ ಮಕ್ಕಳು ತಾವಾಗಿಯೇ ಬರುತ್ತಿದ್ದರು, ಊಟದ ಬಿಡುವಿನಲ್ಲಿ ಕೋಣೆಯ ಹೊರಗೆ ಕಾಯುತ್ತಿದ್ದರು. ಈ ವರ್ಷ ಅಂಥವರು ಒಬ್ಬರೂ ಇಲ್ಲ. ಟೀಚರುಗಳು ಕಳಿಸಿದವರು ಮಾತ್ರ ಬರುತ್ತಾರೆ. ಬಂದು ಕೂರುತ್ತಾರೆ, ನೆಲ ನೋಡುತ್ತಾರೆ, ಬೆಲ್ ಹೊಡೆದಾಗ ಎದ್ದು ಹೋಗುತ್ತಾರೆ. 'ಮಕ್ಕಳೇ ಬರ್ತಿಲ್ಲ ಅಂದಮೇಲೆ ಏಳನೇ ಕ್ಲಾಸಿಗೆ ಸಮಾಜ ವಿಜ್ಞಾನ ತಗೊಳ್ಳಿ' ಅಂದಿದ್ದಾರೆ ಪ್ರಿನ್ಸಿಪಾಲ್. ಮಾತಾಡಿಸುವ ಕಲೆಯೇ ತಮಗೆ ಮರೆತುಹೋಗಿದೆಯೇನೋ ಅಂತ ಇವರಿಗೆ ಅನುಮಾನ. ಕ್ಲಾಸ್ ಒಪ್ಪಿಕೊಳ್ಳಲಾ, ರಾಜೀನಾಮೆ ಕೊಡಲಾ, ಇಲ್ಲ ಇನ್ನೊಂದು ಡಿಪ್ಲೊಮಾ ಮಾಡಲಾ ಅಂತ ಕೇಳಿದ್ದಾರೆ.

ಮೂರೂ ಬೇಡ. ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಬ್ರಾಕೆಟ್ಟಿನೊಳಗೆ ನೀವೇ ಬರೆದ ಸಾಲು ನೋಡಿ. 'ಈ ವರ್ಷದಿಂದ ಬೆಳಗ್ಗೆ ಗೇಟ್ ಡ್ಯೂಟಿಯೂ ಇದೆ. ತಡವಾಗಿ ಬಂದವರ ಹೆಸರು ಬರೆಯಬೇಕು, ಬ್ಯಾಗಿನಲ್ಲಿ ಫೋನ್ ಇದ್ದರೆ ತೆಗೆದಿಡಬೇಕು. ಅರ್ಧ ಗಂಟೆ ಅಷ್ಟೇ, ಅದೇನೂ ಹೊರೆಯಲ್ಲ.'

ಅಲ್ಲ ಮೇಡಂ, ಇಡೀ ಪತ್ರ ಇರುವುದೇ ಅಲ್ಲಿ! ಬೆಳಗ್ಗೆ ತಡವಾಗಿ ಬಂದಿದ್ದಕ್ಕೆ ಹೆಸರು ಬರೆದುಕೊಂಡವರ ಹತ್ತಿರ ಮಧ್ಯಾಹ್ನ ಹೋಗಿ 'ಮಿಸ್, ರಾತ್ರಿ ನಿದ್ದೆ ಬರ್ತಿಲ್ಲ' ಅಂತ ಯಾವ ಮಗು ಹೇಳುತ್ತೆ?

ಒಂಬತ್ತನೇ ಕ್ಲಾಸಿನ ಆ ಹುಡುಗಿಯ ವಿಷಯವನ್ನೂ ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಹೋದ ವರ್ಷ ವಾರಕ್ಕೊಮ್ಮೆ ಬಂದು ಅಪ್ಪನ ಸಿಟ್ಟಿನ ಬಗ್ಗೆ ಹೇಳಿಕೊಂಡು ಅಳುತ್ತಿದ್ದವಳು. ಈ ವರ್ಷ ಗೇಟಿನಲ್ಲಿ ಅವಳ ಬ್ಯಾಗಿನಿಂದ ಫೋನ್ ತೆಗೆದವರು ನೀವು. ಆಫೀಸಿನವರು ಮನೆಯಿಂದ ಕರೆಸಿದ್ದು ಯಾರನ್ನು? ಅದೇ ಅಪ್ಪನನ್ನು. 'ಈಗ ನನ್ನ ಕಂಡರೆ ದಾರಿ ಬದಲಿಸುತ್ತಾಳೆ, ಹದಿಹರೆಯ ಅಲ್ವಾ' ಅಂತ ಬರೆದಿದ್ದೀರಿ. ಹದಿಹರೆಯದ ಮೇಲೆ ಎಷ್ಟು ಅಂತ ಹೊರಿಸುತ್ತೀರಿ? ಆ ಹುಡುಗಿ ತನ್ನ ಗೆಳತಿಯರಿಗೆ ಏನು ಹೇಳಿರಬಹುದು ಅಂತ ಊಹಿಸಿ. ಊಟದ ಬಿಡುವಿನ ಸಾಲು ಯಾಕೆ ಕರಗಿತು ಅಂತ ಗೊತ್ತಾಗುತ್ತೆ.

ಹಾಗಂತ ಸುಮ್ನೆ ನಿಮ್ಮನ್ನೇ ಬೈಯುತ್ತಿಲ್ಲ. ಪ್ರಿನ್ಸಿಪಾಲರನ್ನೂ ಅಷ್ಟಾಗಿ ಬೈಯಲಾರೆ, ಅವರಿಗೆ ನೂರೆಂಟು ತಲೆನೋವು. ನನ್ನ ಸಿಟ್ಟೆಲ್ಲ 'ನಿಮಗೆ ಹೇಗೂ ಪೀರಿಯಡ್ ಇಲ್ವಲ್ಲ' ಅಂತ ನಗುನಗುತ್ತಾ ಈ ಡ್ಯೂಟಿ ದಾಟಿಸಿದ ಆ ಕೋಆರ್ಡಿನೇಟರ್ ಮೇಲೆ. ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ನಿಮ್ಮನ್ನು ಖಾಲಿ ಕೂತವರು ಅಂತ ಯಾರಾದರೂ ಒಮ್ಮೆ ತೀರ್ಮಾನಿಸಿದರೆ, ಆಮೇಲೆ ಎಲ್ಲ ಕೆಲಸವೂ ನಿಮ್ಮ ತಲೆಗೇ. ಅತ್ತೆ ಮನೆಯಾದರೂ ಅಷ್ಟೇ, ಆಫೀಸಾದರೂ ಅಷ್ಟೇ.

ಕೌನ್ಸೆಲರುಗಳಿಗೆ ಈ ಕಾಟ ಹೊಸದಲ್ಲ. 1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಯುವಕರಿಗೆ ಉದ್ಯೋಗದ ದಾರಿ ತೋರಿಸುವ ಕಚೇರಿ ತೆರೆದರು. ಅದು ಶಾಲೆಗಳಿಗೆ ಕಾಲಿಟ್ಟಾಗ ಪಾಠ ಮಾಡುವ ಟೀಚರುಗಳೇ ಅದನ್ನೂ ಹೆಚ್ಚುವರಿಯಾಗಿ ಹೊತ್ತುಕೊಂಡರು. ಪಕ್ಕದ ಕೆಲಸವಾಗಿ ಶುರುವಾದದ್ದಕ್ಕೋ ಏನೋ, ಇದೇ ಪೂರ್ತಿ ಹೊತ್ತಿನ ಕೆಲಸ ಅಂತ ಇವತ್ತಿಗೂ ಎಷ್ಟೋ ಜನರಿಗೆ ಅನ್ನಿಸುವುದೇ ಇಲ್ಲ. ಅಲ್ಲಿನ ಶಾಲಾ ಕೌನ್ಸೆಲರುಗಳ ಸಂಘ 1952ರಲ್ಲಿ ಹುಟ್ಟಿದ್ದು. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು, ಅವರ ಸಮಯದಲ್ಲಿ 80% ಆದರೂ ಮಕ್ಕಳಿಗೆ ನೇರವಾಗಿಯೋ, ಮಕ್ಕಳ ಸಲುವಾಗಿ ಟೀಚರು ಮತ್ತು ಪೋಷಕರ ಜೊತೆಗೋ ಹೋಗಬೇಕು ಅನ್ನುತ್ತದೆ ಅದು. ಕೌನ್ಸೆಲರಿಗೆ ಒಪ್ಪುವ, ಒಪ್ಪದ ಕೆಲಸಗಳ ಪಟ್ಟಿಯನ್ನೂ ಮಾಡಿದೆ. ಶಿಕ್ಷೆ ಕೊಡುವುದು, ರಜೆ ಹಾಕಿದ ಟೀಚರ ಕ್ಲಾಸಿಗೆ ಹೋಗಿ ಕೂರುವುದು, ತಡವಾಗಿ ಬಂದವರ ಚೀಟಿಗೆ ಸಹಿ ಹಾಕುವುದು, ಇವೆಲ್ಲ ಒಪ್ಪದವು. ತಡವಾಗಿ ಬರುವ ಮಗುವಿನ ಜೊತೆ ಕೂತು ಮಾತಾಡುವುದು ಒಪ್ಪುವ ಕೆಲಸ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ನೋಡೋಣ. ತಡವಾಗಿ ಬರುವ ಮಗು ಸೋಮಾರಿಯೇ ಆಗಿರಬೇಕಿಲ್ಲ. ತಮ್ಮನನ್ನು ರೆಡಿ ಮಾಡಿ ಬಿಟ್ಟು ಬರುವವಳಿರುತ್ತಾಳೆ. ಬಸ್ಸಿನಲ್ಲಿ ಕಾಡುವ ದೊಡ್ಡ ಹುಡುಗರನ್ನು ತಪ್ಪಿಸಿಕೊಳ್ಳಲು ಮುಂದಿನ ಬಸ್ಸಿಗೆ ಕಾಯುವವನಿರುತ್ತಾನೆ. ಮೊದಲ ಪೀರಿಯಡ್ಡಿನಲ್ಲಿ ಗಟ್ಟಿಯಾಗಿ ಓದಿಸುತ್ತಾರೆ, ಅಕ್ಷರ ಕೂಡಿಸಲು ಬರದ ಮಗು ಆ ದಿನ ಮಾತ್ರ ತಡವಾಗುತ್ತದೆ. ಇದನ್ನೆಲ್ಲ ಕಂಡುಹಿಡಿಯಲು ಆ ಲೇಟ್ ಪುಸ್ತಕದಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದನ್ನು ಬೇರೆ ಯಾರಾದರೂ ಬರೆಯಲಿ. ವಾರದ ಕೊನೆಗೆ ನಿಮ್ಮ ಮೇಜಿಗೆ ಬರಲಿ. ಯಾರ ಹೆಸರು ಯಾವ ದಿನ ಮರುಕಳಿಸುತ್ತೆ ಅಂತ ನೀವು ನೋಡಿ, ಸದ್ದಿಲ್ಲದೆ ಕರೆಸಿ ಮಾತಾಡಿಸಿ. ಪುಸ್ತಕ ಅದೇ, ಬರೆಯುವ ಕೈ ಬೇರೆ ಆಗಬೇಕು ಅಷ್ಟೇ.

ಸಮಾಜ ವಿಜ್ಞಾನದ ಕ್ಲಾಸಿಗೂ ಇದೇ ಉತ್ತರ. ಮಾರ್ಕ್ಸ್ ಹಾಕುವವರ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ. ಕ್ಲಾಸಿಗೆ ಹೋಗಲೇಬೇಕು ಅಂದರೆ ಸಿಟ್ಟು, ಸ್ನೇಹ, ಓದಿನ ಅಭ್ಯಾಸದ ಬಗ್ಗೆ ಮಾತಾಡಲು ಹೋಗಿ. ಅದು ನಿಮ್ಮದೇ ಕೆಲಸ, ಅದಕ್ಕೆ ಪರೀಕ್ಷೆಯೂ ಇಲ್ಲ. ಡಿಪ್ಲೊಮಾ? ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ, ದುಡ್ಡು ಉಳಿಸಿಕೊಳ್ಳಿ.

ಹಾಗಾಗಿ ನೀವು ಮಾಡಬೇಕಾದ್ದು ಒಂದೇ. ಈ ಸೋಮವಾರ ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಕೊಡಿ. ಗೇಟ್ ಡ್ಯೂಟಿ ಬಂದ ಮೇಲೆ ತಾವಾಗಿ ಬರುವ ಮಕ್ಕಳು ನಿಂತುಹೋದರು ಅಂತ ಬರೆಯಿರಿ. ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು, ಬರೀ ಸಂಖ್ಯೆ. ಯಾವ ಮಗುವಿನ ಹೆಸರೂ ಬೇಡ, ಕಾರಣವೂ ಬೇಡ. ಈ ಡ್ಯೂಟಿ ಬೇರೆಯವರಿಗೆ ಕೊಡಿ ಅಂತ ನೇರವಾಗಿ ಕೇಳಿ. ಬಾಯಿಮಾತಿನಲ್ಲಿ ಹೇಳಬೇಡಿ. ಬಾಯಲ್ಲಿ ಹೇಳಿದ್ದು ಸ್ಟಾಫ್ ರೂಮ್ ದಾಟುವಷ್ಟರಲ್ಲಿ 'ಮೇಡಂಗೆ ಬೇಗ ಬರೋಕೆ ಆಗಲ್ಲವಂತೆ' ಅಂತ ಆಗಿರುತ್ತೆ. ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಆ ಹುಡುಗಿ ಮಾತ್ರ ಈ ಪತ್ರಕ್ಕಾಗಿ ಕಾಯಬೇಕಿಲ್ಲ. ಅಪ್ಪನ ಸಿಟ್ಟು ಎಂಥದ್ದು ಅಂತ ನೀವು ಬರೆದಿಲ್ಲ. ಕೈ ಮಾಡುವಷ್ಟು ಅಂತ ಗೊತ್ತಾದರೆ ಅದು ನಿಮ್ಮಿಬ್ಬರ ನಡುವಿನ ಗುಟ್ಟಾಗಿ ಉಳಿಯುವಂತಿಲ್ಲ, ಮಗುವನ್ನು ಕಾಪಾಡಬೇಕಾದವರಿಗೆ ತಿಳಿಸಲೇಬೇಕು. ಹಾಗೆ ತಿಳಿಸಬೇಕಾಗುತ್ತೆ ಅಂತ ಅವಳಿಗೆ ಮೊದಲೇ ಹೇಳಿ. ಅವಳನ್ನು ಕೋಣೆಗೆ ಕರೆಸಬೇಡಿ. ಟೀಚರ ಕೈಲಿ ಚೀಟಿ ಕಳಿಸಬೇಡಿ. ನೀವೇ ಅವಳ ಹತ್ತಿರ ಹೋಗಿ, ಅಪ್ಪನನ್ನು ಕರೆಸಿದ ದಿನ ಮನೆಯಲ್ಲಿ ಏನಾಯಿತು ಅಂತ ಕೇಳಿ. ಉತ್ತರ ಕೊಡದಿದ್ದರೆ ಮತ್ತೊಂದು ದಿನ ಹೋಗಿ.