ಬೌದ್ಧ ಧರ್ಮ ಪಾಲಿಸಬೇಕಂದ್ರೆ ಮೊದಲು ಏನು ಬಿಡಬೇಕು? ಬಾಡೂಟವಾ, ಮನೆದೇವರಾ?

ನೀವು ಮಾಲೂರಿನವರು, ಬುದ್ಧನ ದಾರಿ ಹಿಡಿಯೋಣ ಅಂತ ಮನಸ್ಸಾಗಿದೆ, ಆದರೆ ಮನೆಯಲ್ಲಿ ಬಾಡೂಟ, ದೇವರಮನೆ, ಹಬ್ಬ ಎಲ್ಲ ಇದೆ, ಮೊದಲು ಯಾವುದನ್ನು ಬಿಡಬೇಕು ಅಂತ ಕೇಳಿದ್ದೀರಿ. ನಾನು ಕೋಲಾರದವನು. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಪಂಚಶೀಲ, ಅಂದ್ರೆ ಬೌದ್ಧರು ಹೇಳಿಕೊಳ್ಳುವ ಐದು ಸಂಕಲ್ಪ, ತಗೊಂಡು ಒಂಬತ್ತು ವರ್ಷ ಆಯ್ತು. ಪಂಡಿತನಲ್ಲ, ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ಬಾಡೂಟದ ವಿಷಯ ಬೇಗ ಮುಗಿಸಿಬಿಡೋಣ, ಯಾಕಂದ್ರೆ ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಭಿಕ್ಷುಗಳು ಮಾಂಸ ತಿನ್ನಲೇಬಾರದು ಅಂತ ನಿಯಮ ಮಾಡಿ ಎಂದು ದೇವದತ್ತ ಅನ್ನೋ ಭಿಕ್ಷು ಕೇಳಿದಾಗ ಬುದ್ಧ ಒಪ್ಪಲಿಲ್ಲ. ತನಗೋಸ್ಕರ ಕೊಂದದ್ದು ಅಂತ ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು, ಅಷ್ಟು ಹೇಳಿದ. ಬಿಡೋದಾದರೆ ಬಿಡಿ, ಒಳ್ಳೆಯದೇ. ಆದರೆ ಮುದ್ದೆ ಜೊತೆ ಸೊಪ್ಪಿನ ಸಾರು ಉಂಡ ಮಾತ್ರಕ್ಕೆ ಯಾರೂ ಬೌದ್ಧರಾಗಲ್ಲ.

ಮನೆದೇವರು ಸ್ವಲ್ಪ ಕಷ್ಟದ ಮಾತು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡು ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳಲ್ಲಿ ಹಳೆ ದೇವರುಗಳ ಪೂಜೆ ಮಾಡುವುದಿಲ್ಲ ಅಂತ ಸ್ಪಷ್ಟವಾಗಿದೆ. ನಾನು ಆ ದಾರಿಯವನೇ, ಪೂಜೆ ಮಾಡಲ್ಲ. ಆದರೆ ಅಮ್ಮ ಈಗಲೂ ಕೋಲಾರಮ್ಮನ ಗುಡಿಗೆ ಹೋಗುತ್ತಾರೆ, ಚೇಳು ಕಚ್ಚದಿರಲಿ ಅಂತ ಚೇಳಮ್ಮನ ಹುಂಡಿಗೆ ಕಾಸು ಹಾಕುತ್ತಾರೆ. ಬೈಕಿನಲ್ಲಿ ಬಿಟ್ಟು ಬರುವವನು ನಾನೇ. ಹೊರಗೆ ನಿಂತಿರುತ್ತೇನೆ. ತಂದೆತಾಯಿಯನ್ನು ನೋಡಿಕೋ ಅಂತ ಬುದ್ಧನೇ ಸಿಗಾಲ ಅನ್ನೋ ಹುಡುಗನಿಗೆ ಹೇಳಿದ್ದಾನಲ್ಲ, ಅದಕ್ಕೇ ಜಗಳಕ್ಕೆ ಹೋಗಲ್ಲ. ಇನ್ನೊಂದು ಮಾತು. ಆ 22ರಲ್ಲೇ ಸುಳ್ಳು ಹೇಳುವುದಿಲ್ಲ, ಹೆಂಡ ಕುಡಿಯುವುದಿಲ್ಲ ಅನ್ನೋ ಪ್ರತಿಜ್ಞೆಗಳೂ ಇವೆ. ದೇವರ ಫೋಟೋ ತೆಗೆದದ್ದನ್ನು ಊರಿಗೆಲ್ಲ ಹೇಳಿಕೊಂಡು ಬರುವವರು ಈ ಎರಡು ಬಂದಾಗ ಯಾಕೋ ಸುಮ್ಮನಾಗಿಬಿಡುತ್ತಾರೆ.

ನನ್ನನ್ನು ಕೇಳಿದರೆ ತಟ್ಟೆ, ದೇವರಮನೆ ಎರಡೂ ಆಮೇಲೆ. ಮೊದಲು ಬಾಯಿ. ಪಂಚಶೀಲದಲ್ಲಿ ನಾಲ್ಕನೆಯದು, ‘ಮುಸಾವಾದಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’. ಸುಳ್ಳಿನಿಂದ ದೂರ ಇರುವ ಅಭ್ಯಾಸ ಕೈಗೊಳ್ಳುತ್ತೇನೆ ಅಂತ ಅರ್ಥ. ನೋಡಿ, ಇದು ಯಾರೋ ಮೇಲಿಂದ ಹಾಕಿದ ಕಟ್ಟಳೆ ಅಲ್ಲ, ನಾವೇ ಬಾಯಿಬಿಟ್ಟು ಹೇಳಿಕೊಳ್ಳುವುದು. ಹೇಳಿದ ದಿನ ನನಗೆ ಐದರಲ್ಲಿ ಇದೇ ಸುಲಭ ಅನ್ನಿಸಿತ್ತು. ಕುಡಿಯುವುದು ಬಿಡೋದೇ ಕಷ್ಟ ಅಂದುಕೊಂಡಿದ್ದೆ, ಅದು ಒಂದು ವರ್ಷದಲ್ಲಿ ಬಿಟ್ಟುಹೋಯಿತು.

ಮಂಡಿ ಕೆಲಸ ಹೇಗೆ ಅಂದ್ರೆ, ರಾತ್ರಿ ರೈತರು ಫೋನ್ ಮಾಡುತ್ತಾರೆ, ‘ಏನಪ್ಪಾ, ರೇಟ್ ಹೆಂಗಿದೆ?’ ಅಂತ. ರೇಟ್ ಅಂದ್ರೆ ಹದಿನೈದು ಕೆಜಿ ಬಾಕ್ಸಿಗೆ. ನಾವು ಒಂದಿಷ್ಟು ಮೇಲೆ ಸೇರಿಸಿ ಹೇಳುತ್ತಿದ್ದೆವು, ಇಲ್ಲದಿದ್ದರೆ ಲೋಡು ಪಕ್ಕದ ಮಂಡಿಗೆ ಹೋಗುತ್ತೆ. ಇದನ್ನು ಸುಳ್ಳು ಅಂತ ಯಾರೂ ಅನ್ನಲ್ಲ, ವ್ಯಾಪಾರ ಅನ್ನುತ್ತಾರೆ. ಒಂದು ಸಲ ಶ್ರೀನಿವಾಸಪುರದ ಕಡೆಯ ರೈತರೊಬ್ಬರಿಗೆ ಇನ್ನೂರು ರೂಪಾಯಿ ಅಂದಿದ್ದೆ. ಅವರು ಕೂಲಿ ಕೊಟ್ಟು ಕೀಳಿಸಿ, ಟೆಂಪೋದಲ್ಲಿ ನೂರಿಪ್ಪತ್ತು ಬಾಕ್ಸ್ ತಂದರು. ಹರಾಜು ಕೂಗಿದಾಗ ನಿಂತದ್ದು ಎಂಬತ್ತಕ್ಕೆ. ಗಲಾಟೆ ಮಾಡುತ್ತಾರೆ ಅಂತ ಕಾದೆ. ಮಾಡಲಿಲ್ಲ. ಲೆಕ್ಕದ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡು, ‘ನೀನು ಹೇಳ್ದೆ ಅಂತ ಕಿತ್ತೆ ಕಣಪ್ಪ’ ಅಂದರು, ಅಷ್ಟೇ. ನಾನು ಆವತ್ತು ಬೆಳಿಗ್ಗೆಯೂ ವಂದನೆ ಹೇಳಿ, ಹತ್ತು ನಿಮಿಷ ಉಸಿರು ನೋಡುತ್ತಾ ಕೂತು ಬಂದಿದ್ದೆ.

ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ಬುದ್ಧ ಮಗ ರಾಹುಲನಿಗೆ ಹೇಳೋ ಮಾತೊಂದಿದೆ. ಕಾಲು ತೊಳೆದ ಪಾತ್ರೆಯಲ್ಲಿ ಚೂರು ನೀರು ಉಳಿಸಿ ತೋರಿಸುತ್ತಾನೆ, ಬೇಕಂತಲೇ ಸುಳ್ಳು ಹೇಳಿ ನಾಚಿಕೆ ಪಡದವನ ಸಾಧನೆ ಇಷ್ಟೇ ಅಂತ. ಆ ನೀರನ್ನೂ ಚೆಲ್ಲುತ್ತಾನೆ, ಆಮೇಲೆ ಪಾತ್ರೆ ಮಗುಚಿ ಇಡುತ್ತಾನೆ. ತಮಾಷೆಗೂ ಸುಳ್ಳು ಬೇಡ ಅನ್ನುತ್ತಾನೆ. ಅದನ್ನು ಎಷ್ಟೋ ಸಲ ಓದಿದ್ದೆ, ಆ ಚೀಟಿ ನೋಡಿದ ಮೇಲೇ ಅರ್ಥ ಆಗಿದ್ದು.

ಈಗ ಫೋನ್ ಬಂದರೆ ‘ನಿನ್ನೆ ಇಷ್ಟಕ್ಕೆ ಹೋಯ್ತು, ನಾಳೆದು ಗೊತ್ತಿಲ್ಲ’ ಅನ್ನುತ್ತೇನೆ. ಸಾಹುಕಾರರು ಮೂರು ತಿಂಗಳು ಗೊಣಗಿದರು, ಕೆಲವು ಲೋಡು ಕೈತಪ್ಪಿದ್ದೂ ನಿಜ. ಪೂರ್ತಿ ಸರಿಹೋಗಿದ್ದೀನಿ ಅಂತಲ್ಲ. ಸಾಲ ಕೇಳಿದವರಿಗೆ ದುಡ್ಡಿಲ್ಲ ಅಂತ ಈಗಲೂ ಸುಳ್ಳೇ ಹೇಳುತ್ತೇನೆ.

ಇನ್ನು ಒಬ್ಬರೇ ಕೂತು ಪುಸ್ತಕ ಓದಿಕೊಂಡು ಮಾಡೋದು ಕಷ್ಟ, ಜನ ಬೇಕು. ನಮ್ಮ ಜಿಲ್ಲೆಗೆ ಬೌದ್ಧ ಧರ್ಮ ಹೊಸದೇನಲ್ಲ ಬಿಡಿ. ತಮಿಳು ಚಿಂತಕ ಅಯೋತಿದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಮೇಲೆ, ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲೂ ಅದರ ಶಾಖೆಗಳಾದವು. ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ತಮಿಳು ಜನ ನಾಗಪುರಕ್ಕಿಂತ ಎಷ್ಟೋ ದಶಕ ಮೊದಲೇ ‘ಬುದ್ಧಂ ಸರಣಂ’ ಅಂದಿದ್ದರು. ಬಾಬಾಸಾಹೇಬರೂ 1954ರಲ್ಲಿ ಕೆಜಿಎಫ್‌ಗೆ ಬಂದಿದ್ದರು. 2001ರಲ್ಲಿ ಗಣಿ ಮುಚ್ಚಿತು, ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಮನೆಗಳೇ ಜಾಸ್ತಿ ಆದವು. ಇಷ್ಟಾದರೂ ಇದೆಲ್ಲ ನಮ್ಮ ಪಕ್ಕದಲ್ಲೇ ನಡೆದದ್ದು ಅಂತ ನನ್ನ ವಯಸ್ಸಿನವರಿಗೇ ಗೊತ್ತಿಲ್ಲ.

ಧ್ಯಾನ ಕಲಿಯಬೇಕಂದ್ರೆ ಬೆಂಗಳೂರಿನ ಹತ್ತಿರ ತುಮಕೂರು ರಸ್ತೆಯ ಆಲೂರಿನಲ್ಲಿ ವಿಪಶ್ಯನ ಕೇಂದ್ರ ಇದೆ. ಹತ್ತು ದಿನ ಮಾತಿಲ್ಲ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಫೀಸಿಲ್ಲ, ಕೋರ್ಸ್ ಮುಗಿಸಿದವರು ಇಷ್ಟ ಇದ್ದರೆ ದಾನ ಕೊಡಬಹುದು. ಯಾವ ಧರ್ಮದವರಾದರೂ ಹೋಗಬಹುದು, ಮತಾಂತರದ ಮಾತೇ ಇಲ್ಲ. ಬೆಂಗಳೂರು ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ ಭಂತೇಜಿಗಳು, ಅಂದ್ರೆ ಬೌದ್ಧ ಭಿಕ್ಷುಗಳು, ಸಿಗುತ್ತಾರೆ, ಅಲ್ಲಿ ಕನ್ನಡ ಪುಸ್ತಕಗಳೂ ಇವೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಹತ್ತಿರ.

ಇಲ್ಲಿ ಕೋಲಾರದಲ್ಲಿ ನಾವು ಹನ್ನೆರಡು ಹದಿಮೂರು ಜನ ಹುಣ್ಣಿಮೆ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ವಂದನೆ, ಅರ್ಧ ಗಂಟೆ ಮೌನ, ಧಮ್ಮಪದದ ಎರಡು ಗಾಥೆ, ಆಮೇಲೆ ಕಡಲೆಕಾಳು ಉಸಲಿ, ಟೀ. ಮಕ್ಕಳು ಮೌನದಲ್ಲೇ ನಿದ್ದೆ ಹೋಗಿರುತ್ತವೆ. ಬರೋದಾದರೆ ಮೆಸೇಜ್ ಹಾಕಿ, ವಿಳಾಸ ಕಳಿಸುತ್ತೇನೆ. ಬಿಳಿ ಬಟ್ಟೆ ಹಾಕಬೇಕಾ ಅಂತ ಹೊಸಬರೆಲ್ಲ ಕೇಳುತ್ತಾರೆ. ಇದ್ದರೆ ಹಾಕಿ. ನಾನು ಮಂಡಿಯಿಂದ ನೇರ ಬರುವವನು, ನನ್ನ ಷರ್ಟಿನ ಮೇಲೆ ಟೊಮೆಟೊ ಕಲೆ ಇದ್ದೇ ಇರುತ್ತೆ.