ಮಾವನ ಅಂಗಡಿಯ ಬೋರ್ಡಿನಿಂದ ಶುರು ಮಾಡಿ

ನಮಸ್ಕಾರ.

ಗೊಂದಲ ಮಾಡುವ ಇಂಗ್ಲಿಷ್ ಪದಗಳ ಬಗ್ಗೆ ನೀವು ಉಡುಪಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಬಿಸಾಡುವ ಬರಹಕ್ಕೆ ನಾನು ಇಷ್ಟು ಉದ್ದದ ಉತ್ತರ ಬರೆಯುವುದಿಲ್ಲ.

ಒಟ್ಟು 42 ಜೋಡಿ ಪದ ಕೊಟ್ಟಿದ್ದೀರಿ. ಪ್ರತಿಯೊಂದಕ್ಕೂ ಒಂದು ಅರ್ಥ, ಒಂದು ವಾಕ್ಯ. ಹನ್ನೆರಡನೆಯದಕ್ಕೆ ಬರುವಾಗ ನನಗೆ ಆಕಳಿಕೆ ಬಂತು. ಇಂಥ ಪಟ್ಟಿ ಯಾವ ಗೈಡಿನಲ್ಲಾದರೂ ಸಿಗುತ್ತದೆ. ಉದಾಹರಣೆಗಳೂ ಗೈಡಿನವೇ. ಗಡ್‌ಬಡ್ ಐಸ್‌ಕ್ರೀಮ್ ಸಿಗುವ ಊರಲ್ಲಿ ಕೂತು, ಡೆಸರ್ಟ್ ಪದಕ್ಕೆ ಲಂಡನ್ನಿನ ಜಾನ್ ಪುಡ್ಡಿಂಗ್ ತಿಂದ ಅಂತ ಯಾಕೆ ಬರೆಯಬೇಕು?

ಇನ್ನೊಂದು ತೊಂದರೆ ಲಿಪಿಯದ್ದು. ‘ಪ್ರಿನ್ಸಿಪಲ್ ಮತ್ತು ಪ್ರಿನ್ಸಿಪಲ್ ಬೇರೆ ಬೇರೆ’ ಎಂದು ಬರೆದಿದ್ದೀರಿ. ಮಾರಾಯ್ರೇ, ಓದುವವರು ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇಂಗ್ಲಿಷಿನಲ್ಲಿ ಅವುಗಳ ಸ್ಪೆಲ್ಲಿಂಗ್ ಬೇರೆ, ಉಚ್ಚಾರ ಒಂದೇ. ನಾವು ಕಿವಿಗೆ ಕೇಳಿದ್ದನ್ನು ಬರೆಯುವವರು. ಕನ್ನಡಕ್ಕೆ ಬಂದ ಕೂಡಲೇ ಎರಡೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಅಕ್ಷರ ಬಿಡಿಸಿ ಹೇಳಬೇಕು. ಕೊನೆಯಲ್ಲಿ ‘ಪಿ ಎ ಎಲ್’ ಇರುವುದು ಒಂದು, ‘ಪಿ ಎಲ್ ಇ’ ಇರುವುದು ಇನ್ನೊಂದು. ಉದಾಹರಣೆ ಬೇಕಾ? 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಸೀಮೆ ನಮ್ಮದು. ಅಸಲು, ಬಡ್ಡಿ ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಅಸಲಿಗೂ ಕಾಲೇಜಿನ ಪ್ರಾಂಶುಪಾಲರಿಗೂ ‘ಪಿ ಎ ಎಲ್’ ಪದವೇ. ಎರಡೂ ‘ಮುಖ್ಯವಾದದ್ದು’ ಎಂಬ ಲ್ಯಾಟಿನ್ ಅರ್ಥದಿಂದ ಬಂದವು. ತತ್ವ, ನಿಯಮ ಅನ್ನುವಾಗ ಮಾತ್ರ ‘ಪಿ ಎಲ್ ಇ’. ಪ್ರಾಂಶುಪಾಲರಿಗೆ ತತ್ವ ಇರುವುದಿಲ್ಲ ಎಂಬ ನಿಮ್ಮ ಜೋಕನ್ನು ತೆಗೆದಿದ್ದೇನೆ. ನನ್ನ ತಂಗಿಯೂ ಪ್ರಾಂಶುಪಾಲೆ.

ಕೆಲವು ಗೊಂದಲಗಳು ನಮ್ಮ ನಾಲಿಗೆಯಿಂದಲೇ ಹುಟ್ಟಿದವು. ಸಡಿಲ ಎನ್ನುವ ಇಂಗ್ಲಿಷ್ ಪದದಲ್ಲಿ ಎರಡು ‘ಓ’, ಕಳೆದುಕೊಳ್ಳು ಎನ್ನುವ ಪದದಲ್ಲಿ ಒಂದೇ. ಇಂಗ್ಲಿಷಿನವರ ಬಾಯಲ್ಲಿ ಕಳೆದುಕೊಳ್ಳುವ ಪದದ ಕೊನೆಗೆ ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಒಂದು ಧ್ವನಿ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಇಲ್ಲ. ನಾವು ಎರಡನ್ನೂ ಲೂಸ್ ಅಂತಲೇ ಹೇಳುತ್ತೇವೆ, ಆಮೇಲೆ ಬರೆಯುವಾಗ ತಡಕಾಡುತ್ತೇವೆ. (ನಮ್ಮಲ್ಲಿ ಲೂಸ್ ಅಂದರೆ ಮೂರನೆಯ ಅರ್ಥವೂ ಉಂಟು, ಅದು ಬಿಡಿ.) ಇದು ನಿಮ್ಮ ಲೇಖನದಲ್ಲಿ ಇಲ್ಲ. ಇರಬೇಕಿತ್ತು.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ಫ್ಲೇಮಬಲ್ ಅಂದರೆ ಬೆಂಕಿ ಹಿಡಿಯುವಂಥದ್ದು, ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹಿಡಿಯದ್ದು ಎಂದು ಬರೆದಿದ್ದೀರಿ. ಎರಡೂ ಒಂದೇ! ಇಲ್ಲಿ ‘ಇನ್’ ಎಂದರೆ ‘ಅಲ್ಲ’ ಎಂದಲ್ಲ. ಉರಿಹಚ್ಚು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಲ್ಲೇ ಅದು ಸೇರಿಕೊಂಡಿದೆ. ನಿಮ್ಮ ಹಾಗೆ ತಿಳಿಯುವವರು ಇರುತ್ತಾರೆ ಎಂಬ ಹೆದರಿಕೆಯಿಂದಲೇ ಬೆಂಕಿ ಸುರಕ್ಷತೆಯವರು ಈಗ ಚಿಕ್ಕ ಪದವನ್ನೇ ಬಳಸಿ ಅನ್ನುತ್ತಾರೆ. ಸುರತ್ಕಲ್ ಹೆದ್ದಾರಿಯಲ್ಲಿ ಟ್ಯಾಂಕರಿನ ಹಿಂದೆ ಬೈಕ್ ನಿಲ್ಲಿಸಿದವನೊಬ್ಬ ನಿಮ್ಮ ಲೇಖನ ನಂಬಿ ಬೀಡಿ ಹಚ್ಚಿದರೆ? ಹೇಳುವುದಕ್ಕೆ ಇದು ಸ್ವಲ್ಪ ಜಾಸ್ತಿಯಾಯಿತು, ಆದರೂ ನಿಘಂಟು ತೆರೆಯದೆ ಯಾವ ಅರ್ಥವನ್ನೂ ಬರೆಯಬೇಡಿ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ನಿಘಂಟಿನ ವಿಷಯದಲ್ಲಿ ನಾವು ಸೋಮಾರಿಗಳಾದರೆ ಊರಿಗೇ ಮರ್ಯಾದೆ ಅಲ್ಲ.

ಅಫೆಕ್ಟ್ (ಪರಿಣಾಮ ಬೀರು) ಯಾವಾಗಲೂ ಕ್ರಿಯಾಪದ, ಎಫೆಕ್ಟ್ (ಪರಿಣಾಮ) ಯಾವಾಗಲೂ ನಾಮಪದ ಎಂದದ್ದೂ ಪೂರ್ತಿ ಸರಿಯಲ್ಲ. ‘ಯಾವಾಗಲೂ’ ತೆಗೆದು ‘ಹೆಚ್ಚಾಗಿ’ ಎಂದು ಹಾಕಿ, ಸಾಕು.

ತಪ್ಪು ಎಲ್ಲರಿಗೂ ಆಗುತ್ತದೆ. ಒಮ್ಮೆ ಯಕ್ಷಗಾನ ಮೇಳದ ಸ್ಮರಣ ಸಂಚಿಕೆಯೊಂದರ ಕರಡು ತಿದ್ದಿದ್ದು ನಾನೇ. ಜಾಹೀರಾತಿನ ಕೆಳಗೆ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಅಂತ ಹಾಕುತ್ತಾರಲ್ಲ, ಅದರ ನಡುವೆ ‘ಐ’ ಬದಲು ‘ಇ’ ಬಿದ್ದಿತ್ತು. ‘ಐ’ ಇದ್ದರೆ ಶುಭಾಶಯ, ಹೊಗಳಿಕೆ. ‘ಇ’ ಇದ್ದರೆ ಕೊರತೆ ತುಂಬಿ ಪೂರ್ತಿ ಮಾಡುವುದು. ಹದಿನಾರು ಪುಟದಲ್ಲೂ ಅದೇ. ದುಡ್ಡು ಕೊಟ್ಟವರು ಯಾರೂ ನೋಡಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಲೇಖನದಲ್ಲಿ ನನಗೆ ಇಷ್ಟವಾದದ್ದು. ಅದನ್ನು ನೀವು 41ನೇ ಜೋಡಿಯ ಕೆಳಗೆ, ಆವರಣದೊಳಗೆ ತುರುಕಿದ್ದೀರಿ. ರಥಬೀದಿಯ ಹತ್ತಿರ ನಿಮ್ಮ ಮಾವನ ನೋಟ್‌ಬುಕ್, ಪೆನ್ನಿನ ಅಂಗಡಿ. ಪಿಯುಸಿಯಲ್ಲಿದ್ದ ನೀವು ಬೋರ್ಡಿಗೆ ಸ್ಟೇಷನರಿ ಎಂದು ಬರೆದುಕೊಟ್ಟಿರಿ. ಕೊನೆಯಲ್ಲಿ ‘ಇ ಆರ್ ವೈ’ ಬೇಕಿತ್ತು, ನೀವು ‘ಎ ಆರ್ ವೈ’ ಬರೆದಿರಿ. ಅಂದರೆ ಅಲುಗಾಡದೆ ನಿಂತದ್ದು. ಪೇಂಟರ್ ಸಂಶಯದಿಂದ ಎರಡು ಸಲ ಕೇಳಿದರೂ ನೀವು ‘ಅದೇ ಸರಿ’ ಎಂದಿರಿ. ಹನ್ನೊಂದು ವರ್ಷ ಆ ಬೋರ್ಡ್ ಅಲ್ಲೇ ಇತ್ತು.

ಇದನ್ನು ಬಿಟ್ಟು ಬೇರೆ ಎಲ್ಲಿಂದ ಶುರು ಮಾಡುತ್ತೀರಿ?

ನಿಮಗೆ ಗೊತ್ತಿರದ ಒಂದು ಸಂಗತಿಯೂ ಇದರಲ್ಲಿದೆ. ಆ ಎರಡು ಪದಗಳ ಬೇರು ಒಂದೇ. ಹಿಂದೆ ಯುರೋಪಿನಲ್ಲಿ ಸಾಮಾನು ಹೊತ್ತು ಊರೂರು ತಿರುಗುವ ವ್ಯಾಪಾರಿಗಳೇ ಜಾಸ್ತಿ. ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರುವವನನ್ನು ‘ನಿಂತಲ್ಲೇ ಇರುವವನು’ ಎಂಬ ಅರ್ಥದಲ್ಲಿ ಸ್ಟೇಷನರ್ ಎಂದರು. ಅವನು ಮಾರುವ ಕಾಗದ, ಶಾಯಿ ಸ್ಟೇಷನರಿ ಆಯಿತು. ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪರ್ಯಾಯ ಉತ್ಸವ ಬಂದಾಗ ರಸ್ತೆ ತುಂಬ ಕೂರುವ ವ್ಯಾಪಾರಿಗಳು ಗಂಟು ಕಟ್ಟಿ ಹೋಗುತ್ತಾರೆ. ನಿಮ್ಮ ಮಾವ ಹೋಗುವುದಿಲ್ಲ. ಸ್ಪೆಲ್ಲಿಂಗ್ ತಪ್ಪು, ಆದರೆ ಆ ಬೋರ್ಡ್ ಪೂರ್ತಿ ಸುಳ್ಳು ಹೇಳಲಿಲ್ಲ, ಅಲ್ವಾ?

ಐದೋ ಆರೋ ಜೋಡಿ ಇಟ್ಟುಕೊಳ್ಳಿ, ಉಳಿದದ್ದು ಹೊಡೆದುಹಾಕಿ. ಪೇಂಟರ್ ಏನು ಹೇಳಿದರು, ತಪ್ಪು ಮೊದಲು ಕಂಡದ್ದು ಯಾರಿಗೆ, ಮಾವ ಬೈದರಾ, ಅದನ್ನೆಲ್ಲ ಬರೆಯಿರಿ. ಹಳೆಯ ಬೋರ್ಡ್ ಅಟ್ಟದಲ್ಲಿ ಎಲ್ಲಾದರೂ ಇದ್ದರೆ ಒಂದು ಫೋಟೊ ಕಳಿಸಿ. ಮಾವನನ್ನು ಕೇಳಿಯೇ ತೆಗೆಯಿರಿ.